ಬೆನ್ನೆಲುಬಿನ ಶಸ್ತ್ರಚಿಕಿತ್ಸೆ: ರಕ್ತ ಉಳಿಸಿದ ಮದ್ದಿನ ಕಥೆ

ನಮ್ಮಲ್ಲಿ ಒಂದು ಮನೆಯಲ್ಲಿ ದೊಡ್ಡ ಆಪರೇಶನ್ ನಿಗದಿಯಾಯಿತೆಂದರೆ ಮೊದಲ ಓಡಾಟ ಹಣಕ್ಕೆ, ಎರಡನೆಯ ಓಡಾಟ ರಕ್ತಕ್ಕೆ. ‘ಮೂರು ಬಾಟಲಿ ರಕ್ತ ರೆಡಿ ಮಾಡಿಟ್ಟುಕೊಳ್ಳಿ’ ಎಂದು ವೈದ್ಯರು ಹೇಳಿದ ಕ್ಷಣದಿಂದ ಅಣ್ಣ, ಭಾವ, ಸೋದರಳಿಯ, ಪಕ್ಕದ ಮನೆಯ ಹುಡುಗ, ಅವನ ಕಾಲೇಜಿನ ಗೆಳೆಯರು ಹೀಗೆ ಎಲ್ಲರ ರಕ್ತದ ಗುಂಪು ಯಾವುದೆಂಬ ವಿಚಾರಣೆ ಆರಂಭವಾಗುತ್ತದೆ. ಬ್ಲಡ್ ಬ್ಯಾಂಕಿನ ಹೊರಗಿನ ಬೆಂಚಿನ ಮೇಲೆ ಜಾತಿ, ಧರ್ಮ ಯಾವುದೂ ನೆನಪಿಗೆ ಬರುವುದಿಲ್ಲ. ಗುಂಪು ಹೊಂದಿದರೆ ಸಾಕು. ಆ ಬೆಂಚಿನ ಮೇಲೆ ನಾವೂ ಕುಳಿತಿದ್ದೇವೆ, ನಿಮ್ಮಲ್ಲೂ ಹಲವರು ಕುಳಿತಿರಬಹುದು.

ಆದರೆ ಅಲ್ಲಿ ಕುಳಿತಾಗ ನಮಗೆ ಹೊಳೆಯದ ಒಂದು ಪ್ರಶ್ನೆಯಿದೆ. ಹರಿದುಹೋದ ರಕ್ತದ ಜಾಗಕ್ಕೆ ಬೇರೆಯವರ ರಕ್ತ ತುಂಬಿಸುವುದು ಒಂದು ದಾರಿ. ರೋಗಿಯ ರಕ್ತ ಅಷ್ಟೊಂದು ಹರಿದುಹೋಗದಂತೆ ಮೊದಲೇ ತಡೆಯಲು ದಾರಿಯಿಲ್ಲವೇ? ಇದೆ. ಅದಕ್ಕೊಂದು ಮದ್ದೂ ಇದೆ. ಅದು ಹೊಸ ಮದ್ದಲ್ಲ, ದುಬಾರಿ ಮದ್ದೂ ಅಲ್ಲ. ಅದನ್ನು ಕಂಡುಹಿಡಿದದ್ದು 1962ರಲ್ಲಿ. ಆದರೆ ಅದು ಬೆನ್ನೆಲುಬಿನ ಆಪರೇಶನ್ ಕೋಣೆಯ ಬಾಗಿಲು ತಟ್ಟಲು ಸುಮಾರು ನಲ್ವತ್ತು ವರ್ಷ ಬೇಕಾಯಿತು. ಈ ವಿಳಂಬದ ಇತಿಹಾಸವನ್ನು ನಾವಿಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಬೆನ್ನೆಲುಬಿನಲ್ಲೇಕೆ ಇಷ್ಟು ರಕ್ತ?

ಕೈಕಾಲಿನ ಆಪರೇಶನ್‌ನಲ್ಲಿ ರಕ್ತನಾಳ ಕತ್ತರಿಸಿದರೆ ಅದನ್ನು ಚಿಮಟದಲ್ಲಿ ಹಿಡಿದು ದಾರದಿಂದ ಕಟ್ಟಬಹುದು. ತೊಡೆಯ ಮೇಲ್ಭಾಗಕ್ಕೆ ಪಟ್ಟಿ ಬಿಗಿದು ರಕ್ತದ ಹರಿವನ್ನೇ ಕೆಲಕಾಲ ನಿಲ್ಲಿಸಬಹುದು. ಬೆನ್ನೆಲುಬಿನಲ್ಲಿ ಇದಾವುದೂ ನಡೆಯುವುದಿಲ್ಲ. ಅಲ್ಲಿ ಪಟ್ಟಿ ಬಿಗಿಯಲು ಜಾಗವಿಲ್ಲ. ಕಶೇರುಮಣಿಗಳ ಒಳಭಾಗ ಸ್ಪಂಜಿನಂತಿದೆ. ಒಂದು ಮಣಿಯನ್ನು ಇನ್ನೊಂದಕ್ಕೆ ಬೆಸೆಯಬೇಕಾದರೆ ಅದರ ಮೇಲ್ಪದರವನ್ನು ಕೆತ್ತಿ ತೆಗೆಯಬೇಕು. ಕೆತ್ತಿದೊಡನೆ ಆ ಸ್ಪಂಜಿನ ಸಾವಿರಾರು ರಂಧ್ರಗಳಿಂದ ರಕ್ತ ಒಸರತೊಡಗುತ್ತದೆ. ಯಾವ ರಂಧ್ರಕ್ಕೆ ದಾರ ಕಟ್ಟುವುದು?

ಇದರ ಜೊತೆ ಬೆನ್ನುಹುರಿಯ ಸುತ್ತ ತೆಳುವಾದ ಅಭಿಧಮನಿಗಳ ಒಂದು ಬಲೆಯೇ ಇದೆ. ಈ ನಾಳಗಳಲ್ಲಿ ಕವಾಟಗಳಿಲ್ಲದ್ದರಿಂದ ರಕ್ತ ಎತ್ತ ಬೇಕಾದರೂ ಹರಿಯುತ್ತದೆ. ರೋಗಿಯನ್ನು ಬೋರಲಾಗಿ ಮಲಗಿಸಿದಾಗ ಹೊಟ್ಟೆ ಒತ್ತಿಹೋಗಿ, ಹೊಟ್ಟೆಯ ದೊಡ್ಡ ಅಭಿಧಮನಿಯ ರಕ್ತ ಈ ಬಲೆಯ ಕಡೆಗೆ ತಿರುಗುತ್ತದೆ. ಅಲ್ಲಿ ಜೋರಾಗಿ ಒತ್ತಿ ಹಿಡಿಯುವಂತೆಯೂ ಇಲ್ಲ, ಮನಸ್ಸಿಗೆ ಬಂದಂತೆ ಸುಡುವಂತೆಯೂ ಇಲ್ಲ. ಕೆಳಗಿರುವುದು ಬೆನ್ನುಹುರಿ. ಅದಕ್ಕೆ ಪೆಟ್ಟಾದರೆ ಕಾಲುಗಳ ಬಲವೇ ಹೋದೀತು.

ಇದಕ್ಕಿಂತ ಹೆಚ್ಚಿನದು ಸಮಯದ ಸಮಸ್ಯೆ. ಬಾಗಿದ ಬೆನ್ನೆಲುಬನ್ನು ನೆಟ್ಟಗೆ ಮಾಡುವ ಆಪರೇಶನ್ ಹಲವು ಗಂಟೆಗಳ ಕೆಲಸ. ಹತ್ತು, ಹನ್ನೆರಡು ಮಣಿಗಳ ಉದ್ದಕ್ಕೂ ಗಾಯ ತೆರೆದಿರುತ್ತದೆ. ಇಂತಹ ಆಪರೇಶನ್ ಮಾಡಿಸಿಕೊಳ್ಳುವವರಲ್ಲಿ ಹೆಚ್ಚಿನವರು ಬೆಳೆಯುವ ವಯಸ್ಸಿನ ಹುಡುಗಿಯರು. ನಲ್ವತ್ತು ಕಿಲೋ ತೂಕದ ಹುಡುಗಿಯ ಮೈಯಲ್ಲಿ ಇರುವುದೇ ಮೂರು ಲೀಟರಿಗಿಂತ ಕಡಿಮೆ ರಕ್ತ. ಅದರಲ್ಲಿ ಒಂದೂವರೆ, ಎರಡು ಲೀಟರ್ ಮೇಜಿನ ಮೇಲೆಯೇ ಹೋದರೆ ಉಳಿಯುವುದೆಷ್ಟೆಂದು ಓದುಗರೇ ಲೆಕ್ಕ ಹಾಕಬಹುದು.

ಹಳೆಯ ನಾಲ್ಕು ದಾರಿಗಳು

ರಕ್ತವನ್ನು ಮದ್ದಿನಿಂದ ನಿಲ್ಲಿಸಬೇಕೆಂಬ ಆಲೋಚನೆ ಹೊಸದೇನಲ್ಲ. ಸ್ಪೇನಿನ ಕುರ್ತುಬಾದ ಬಳಿ ಬಾಳಿದ, 1013ರ ಸುಮಾರಿಗೆ ನಿಧನರಾದ ಅಬುಲ್ ಕಾಸಿಮ್ ಅಝ್ಝಹ್ರಾವಿಯವರ ‘ಅತ್ತಸ್ರೀಫ್’ ಎಂಬ 30 ಭಾಗಗಳ ವೈದ್ಯಗ್ರಂಥದ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಅದು ಲ್ಯಾಟಿನ್‌ಗೆ ಅನುವಾದಗೊಂಡು ಯುರೋಪಿನಲ್ಲಿ ಶತಮಾನಗಳ ಕಾಲ ಪಠ್ಯವಾಗಿತ್ತು. ಧಮನಿಯ ರಕ್ತಸ್ರಾವ ನಿಲ್ಲಿಸಲು ಅವರು ಅದರಲ್ಲಿ ನಾಲ್ಕು ದಾರಿಗಳನ್ನು ಹೇಳುತ್ತಾರೆ: ಕಾದ ಕಬ್ಬಿಣದಿಂದ ಸುಡುವುದು, ಅರ್ಧ ಕತ್ತರಿಸಿದ ನಾಳವನ್ನು ಪೂರ್ತಿ ಕತ್ತರಿಸಿ ಅದರ ತುದಿ ಒಳಸರಿಯುವಂತೆ ಮಾಡುವುದು, ದಾರದಿಂದ ಬಿಗಿಯಾಗಿ ಕಟ್ಟುವುದು, ರಕ್ತ ನಿಲ್ಲಿಸುವ ಗುಣವಿರುವ ಮದ್ದನ್ನು ಮೇಲೆ ಹಚ್ಚಿ ಬಟ್ಟೆ ಬಿಗಿಯುವುದು.

ಸಾವಿರ ವರ್ಷಗಳ ನಂತರವೂ ಮೊದಲ ಮೂರು ದಾರಿಗಳು ಬೇರೆ ಬೇರೆ ರೂಪದಲ್ಲಿ ಆಪರೇಶನ್ ಕೋಣೆಯಲ್ಲಿವೆ. ನಾಲ್ಕನೆಯದೊಂದೇ ಬಹುಕಾಲ ಹಿಂದುಳಿಯಿತು. ಅಂದಿನ ಮದ್ದು ಗಾಯದ ಹೊರಗಿನಿಂದ ಮೆತ್ತುವಂಥದ್ದು. ರಕ್ತದೊಳಗೇ ಇಳಿದು ಕೆಲಸ ಮಾಡುವ ಮದ್ದು ಬೇಕಾದರೆ ರಕ್ತ ಹೇಗೆ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಹೇಗೆ ಕರಗುತ್ತದೆ ಎಂಬುದು ಮೊದಲು ತಿಳಿಯಬೇಕಿತ್ತು. ಅದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಆ ಹೊತ್ತಿಗೆ ಶಸ್ತ್ರಚಿಕಿತ್ಸಕರು ಬೆನ್ನೆಲುಬಿಗೆ ಕೈಹಾಕಿಯಾಗಿತ್ತು. 1911ರಲ್ಲಿ ನ್ಯೂಯಾರ್ಕಿನ ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬೀ ಎಂಬ ಇಬ್ಬರು ಬೇರೆ ಬೇರೆಯಾಗಿ ಕಶೇರುಮಣಿಗಳನ್ನು ಬೆಸೆಯುವ ವಿಧಾನವನ್ನು ಪ್ರಕಟಿಸಿದರು. ಅವರ ಮುಂದಿದ್ದದ್ದು ನಮ್ಮ ದೇಶಕ್ಕೆ ಚೆನ್ನಾಗಿ ಪರಿಚಯವಿರುವ ಕಾಯಿಲೆ, ಬೆನ್ನೆಲುಬಿನ ಕ್ಷಯ. ಐವತ್ತರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಪೋಲಿಯೊದಿಂದ ಬೆನ್ನು ಬಾಗಿದ ಮಕ್ಕಳು ಪಾಲ್ ಹ್ಯಾರಿಂಗ್ಟನ್ ಎಂಬ ವೈದ್ಯರ ಬಳಿ ಬರತೊಡಗಿದರು. ಅವರು ಬೆನ್ನೆಲುಬಿಗೆ ಲೋಹದ ಸರಳು ಮತ್ತು ಕೊಕ್ಕೆ ಹಾಕಿ ನೆಟ್ಟಗೆ ಮಾಡುವ ವಿಧಾನ ರೂಪಿಸಿ 1962ರಲ್ಲಿ ಅದರ ವಿವರ ಪ್ರಕಟಿಸಿದರು. ಮುಂದೆ ಫ್ರಾನ್ಸಿನ ಕೊತ್ರೆಲ್ ಮತ್ತು ದ್ಯುಬೂಸೆ ಎಂಬವರು ಎಂಬತ್ತರ ದಶಕದಲ್ಲಿ ಇನ್ನೂ ಸಂಕೀರ್ಣವಾದ ಸರಳು, ಕೊಕ್ಕೆ, ಸ್ಕ್ರೂಗಳ ವ್ಯವಸ್ಥೆ ತಂದರು. ಆಪರೇಶನ್ ದೊಡ್ಡದಾಗುತ್ತಾ ಹೋಯಿತು, ರಕ್ತದ ನಷ್ಟವೂ ಅದರ ಪ್ರಮುಖ ಅಪಾಯವಾಗಿ ಉಳಿಯಿತು.

ಇದನ್ನು ಎದುರಿಸಲು ವೈದ್ಯರು ಕೈಕಟ್ಟಿ ಕುಳಿತಿರಲಿಲ್ಲ. 1967ರಲ್ಲಿ ಕೆನಡಾದ ರೆಲ್ಟನ್ ಮತ್ತು ಹಾಲ್ ಎಂಬವರು ರೋಗಿಯ ಹೊಟ್ಟೆ ಮೇಜಿಗೆ ತಾಗದೆ ತೂಗುವಂತೆ ಮಾಡುವ ನಾಲ್ಕು ಮೆತ್ತೆಗಳ ಚೌಕಟ್ಟೊಂದನ್ನು ತಂದರು. ಸರಳವಾದ ಸಾಧನ, ಆದರೆ ತುಂಬಾ ಉಪಯೋಗಕ್ಕೆ ಬಂತು. ಅರಿವಳಿಕೆ ತಜ್ಞರು ಆಪರೇಶನ್ ವೇಳೆ ರಕ್ತದೊತ್ತಡವನ್ನು ಬೇಕೆಂದೇ ಇಳಿಸಿದರು. ಅತಿಯಾಗಿ ಇಳಿಸಿದರೆ ಬೆನ್ನುಹುರಿಗೇ ರಕ್ತ ಸಾಲದೆ ಹೋಗುವ ಭಯವೂ ಇತ್ತು. ಸೋರಿದ ರಕ್ತವನ್ನು ಹೀರಿ, ತೊಳೆದು, ಮರಳಿ ಅದೇ ರೋಗಿಗೆ ಕೊಡುವ ಯಂತ್ರಗಳು ಬಂದವು. ಅವುಗಳ ಬೆಲೆ ಬಡ ಆಸ್ಪತ್ರೆಗಳ ಕೈಗೆಟಕುವಂಥದ್ದಾಗಿರಲಿಲ್ಲ. ಕೊನೆಗೆ ಉಳಿಯುತ್ತಿದ್ದದ್ದು ಅದೇ ಬ್ಲಡ್ ಬ್ಯಾಂಕಿನ ಬೆಂಚು.

ಟೋಕಿಯೋದ ದಂಪತಿ

ಹ್ಯಾರಿಂಗ್ಟನ್ ತಮ್ಮ ಲೋಹದ ಸರಳಿನ ವಿವರ ಪ್ರಕಟಿಸಿದ ಅದೇ 1962ರಲ್ಲಿ ಜಪಾನಿನ ಕೇಯೋ ವಿಶ್ವವಿದ್ಯಾಲಯದ ವೈದ್ಯ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದವರು ಶೋಸುಕೆ ಒಕಾಮೊಟೊ ಮತ್ತು ಅವರ ಪತ್ನಿ ಉತಾಕೊ ಒಕಾಮೊಟೊ. ಒಂದು ಬೆನ್ನೆಲುಬನ್ನು ನೆಟ್ಟಗೆ ಮಾಡುವ ವಿದ್ಯೆ, ಇನ್ನೊಂದು ಆ ವಿದ್ಯೆಯ ದೊಡ್ಡ ಅಪಾಯವನ್ನು ತಗ್ಗಿಸಬಲ್ಲ ಮದ್ದು. ಎರಡೂ ಒಂದೇ ವರ್ಷ ಬೆಳಕಿಗೆ ಬಂದವು. ಆದರೆ ಇವೆರಡೂ ಪರಸ್ಪರ ಭೇಟಿಯಾಗಲು ಹೊಸ ಶತಮಾನವೇ ಬರಬೇಕಾಯಿತು.

ಉತಾಕೊ ಹುಟ್ಟಿದ್ದು 1918ರಲ್ಲಿ. ಮಹಿಳೆಯರ ವೈದ್ಯಕೀಯ ಕಾಲೇಜಿನಲ್ಲಿ ಓದಿ 1941ರ ಕೊನೆಯಲ್ಲಿ ಪದವಿ ಪಡೆದರು. ಯುದ್ಧ ಮುಗಿದಾಗ ಜಪಾನ್ ಬೂದಿಯಾಗಿತ್ತು. ಪ್ರಯೋಗಾಲಯದಲ್ಲಿ ಸಾಮಗ್ರಿಯಿಲ್ಲ, ಹಣವಿಲ್ಲ. ಏನನ್ನು ಸಂಶೋಧಿಸುವುದು? ಆ ದಂಪತಿ ರಕ್ತವನ್ನು ಆಯ್ದುಕೊಂಡರು. ಅದಕ್ಕೊಂದು ಸರಳ ಕಾರಣವನ್ನು ಉತಾಕೊ ಮುಂದೆ ಹೇಳಿಕೊಂಡಿದ್ದರು: ಪ್ರಯೋಗಕ್ಕೆ ರಕ್ತ ಸಾಲದಿದ್ದರೆ ತಮ್ಮದೇ ರಕ್ತ ತೆಗೆದುಕೊಳ್ಳಬಹುದಲ್ಲ! ಕೊರತೆಯೇ ಒಂದು ಶೋಧಕ್ಕೆ ದಾರಿ ತೋರಿದ ಇಂಥ ನಿದರ್ಶನ ವಿಜ್ಞಾನದ ಚರಿತ್ರೆಯಲ್ಲಿ ವಿರಳ.

ಅವರಿಗೆ ಎದುರಾದದ್ದು ಬಡತನವೊಂದೇ ಅಲ್ಲ. ಒಮ್ಮೆ ಒಂದು ವೈದ್ಯ ಸಮ್ಮೇಳನಕ್ಕೆ ಹೋದಾಗ ಇದು ಹೆಂಗಸರು ಮಕ್ಕಳಿಗಲ್ಲ ಎಂದು ಬಾಗಿಲಲ್ಲೇ ತಡೆದರು. ತಮ್ಮ ಸಂಶೋಧನೆಯನ್ನು ಮೊದಲ ಬಾರಿ ಮಂಡಿಸಿದಾಗ, ನೀವು ನಮಗಾಗಿ ನೃತ್ಯ ಮಾಡುವಿರಾ ಎಂದು ಸಭೆಯ ಗಂಡಸರು ಹಂಗಿಸಿದರು. ಮಗಳನ್ನು ನೋಡಿಕೊಳ್ಳಲು ಯಾರೂ ಇಲ್ಲದಾಗ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಸಹನೆಯಿಂದ ತನ್ನ ಕೆಲಸ ಮುಂದುವರಿಸಿದ ಆ ಹೆಣ್ಣುಮಗಳನ್ನು ನಮ್ಮ ಶಾಲಾ ಪುಸ್ತಕಗಳು ಪರಿಚಯಿಸಬೇಕಿತ್ತು.

ಕರಗುವ ಹೆಪ್ಪನ್ನು ಕಾಯುವುದು

ಅವರು ಕಂಡುಹಿಡಿದದ್ದೇನು? ಗಾಯವಾದಾಗ ರಕ್ತದಲ್ಲಿ ಫೈಬ್ರಿನ್ ಎಂಬ ನೂಲುಗಳು ಹುಟ್ಟಿ ಬಲೆ ನೇಯುತ್ತವೆ. ಆ ಬಲೆಯಲ್ಲಿ ರಕ್ತಕಣಗಳು ಸಿಲುಕಿ ಹೆಪ್ಪುಗಟ್ಟುತ್ತವೆ. ಆದರೆ ಹೆಪ್ಪು ಹಾಗೆಯೇ ಉಳಿದರೆ ರಕ್ತನಾಳ ಮುಚ್ಚಿಹೋದೀತು. ಅದಕ್ಕಾಗಿ ದೇಹದಲ್ಲಿ ಇನ್ನೊಂದು ವ್ಯವಸ್ಥೆಯೂ ಇದೆ. ಪ್ಲಾಸ್ಮಿನ್ ಎಂಬ ಕಿಣ್ವ ಆ ನೂಲುಗಳನ್ನು ಕತ್ತರಿಯಂತೆ ಕತ್ತರಿಸಿ ಹೆಪ್ಪನ್ನು ಕರಗಿಸುತ್ತದೆ. ಕಟ್ಟುವುದು ಮತ್ತು ಬಿಚ್ಚುವುದು, ಎರಡೂ ಅಳತೆಯಲ್ಲಿ ನಡೆದರೆ ಆರೋಗ್ಯ. ದೊಡ್ಡ ಗಾಯವಾದಾಗ, ದೊಡ್ಡ ಆಪರೇಶನ್ ನಡೆಯುವಾಗ ಈ ಅಳತೆ ತಪ್ಪುತ್ತದೆ. ಕತ್ತರಿ ಅವಸರಕ್ಕೆ ಬೀಳುತ್ತದೆ. ಶಸ್ತ್ರಚಿಕಿತ್ಸಕ ನಿಲ್ಲಿಸಿದ ರಕ್ತ ಮತ್ತೆ ಒಸರತೊಡಗುತ್ತದೆ.

ಪ್ಲಾಸ್ಮಿನ್ ಆಗಿ ಬದಲಾಗುವ ವಸ್ತು ಫೈಬ್ರಿನ್ ನೂಲಿನಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಹಿಡಿದುಕೊಂಡು ಕೆಲಸ ಆರಂಭಿಸುತ್ತದೆ. ಲೈಸಿನ್‌ನಂತೆಯೇ ಕಾಣುವ ಬೇರೊಂದು ವಸ್ತುವನ್ನು ಮೊದಲೇ ಅದರ ಕೈಗೆ ಕೊಟ್ಟುಬಿಟ್ಟರೆ? ಅದು ನೂಲನ್ನು ಹಿಡಿಯಲಾರದು. ಬೀಗದ ರಂಧ್ರಕ್ಕೆ ಕಡ್ಡಿ ತುರುಕಿದಂತೆ. ಐವತ್ತರ ದಶಕದಲ್ಲಿ ಒಕಾಮೊಟೊ ದಂಪತಿಗೆ ಎಪ್ಸಿಲಾನ್ ಅಮೈನೋಕಾಪ್ರೋಯಿಕ್ ಆಮ್ಲ ಎಂಬ ಅಂಥದೊಂದು ವಸ್ತು ಸಿಕ್ಕಿತು. ಅದು ಸಾಲದೆಂದು ಹುಡುಕಾಟ ಮುಂದುವರಿಸಿದರು. ಕೊನೆಗೆ ಸಿಕ್ಕಿದ್ದು ಅದಕ್ಕಿಂತ 27 ಪಟ್ಟು ಪ್ರಬಲವಾದ ಟ್ರಾನೆಕ್ಸಾಮಿಕ್ ಆಮ್ಲ. ಇದು ರಕ್ತವನ್ನು ಹೊಸದಾಗಿ ಹೆಪ್ಪುಗಟ್ಟಿಸುವ ಮದ್ದಲ್ಲ, ಕಟ್ಟಿದ ಹೆಪ್ಪು ಬೇಗನೆ ಕರಗದಂತೆ ಕಾಯುವ ಮದ್ದು. ಈ ವ್ಯತ್ಯಾಸ ನೆನಪಿಡಬೇಕು.

ಉತಾಕೊ ಅವರ ಮನಸ್ಸಿನಲ್ಲಿದ್ದದ್ದು ಹೆರಿಗೆಯ ನಂತರದ ರಕ್ತಸ್ರಾವದಿಂದ ಸಾಯುವ ತಾಯಂದಿರು. ಕೋಬೆ ನಗರದ ವೈದ್ಯರಲ್ಲಿ ಇದನ್ನೊಮ್ಮೆ ಪರೀಕ್ಷಿಸಿ ನೋಡಿ ಎಂದು ಕೇಳಿಕೊಂಡರು. ಯಾರೂ ಒಪ್ಪಲಿಲ್ಲ. ಮದ್ದು ಮುಟ್ಟಿನ ಅತಿಸ್ರಾವಕ್ಕೆ, ಕುಸುಮರೋಗಿಗಳ ಹಲ್ಲು ಕೀಳುವಾಗಿನ ರಕ್ತಸ್ರಾವಕ್ಕೆ ಬಳಕೆಯಾಯಿತು. ದೊಡ್ಡ ಗಾಯ, ದೊಡ್ಡ ಆಪರೇಶನ್‌ಗಳ ಕಡೆಗೆ ಅದು ಬರುವುದು ಬಹಳ ನಿಧಾನವಾಯಿತು.

ದುಬಾರಿ ಮದ್ದಿನ ಕಾಲ

ಈ ನಡುವೆ ಇನ್ನೊಂದು ಮದ್ದು ಮೆರೆಯಿತು. ದನದ ಶ್ವಾಸಕೋಶದಿಂದ ತೆಗೆಯುವ ಅಪ್ರೊಟಿನಿನ್. ಮೂವತ್ತರ ದಶಕದಲ್ಲೇ ಗೊತ್ತಿದ್ದ ಈ ವಸ್ತು ಹೃದಯದ ಮರು ಆಪರೇಶನ್‌ಗಳಲ್ಲಿ ರಕ್ತದ ಅಗತ್ಯವನ್ನು ಬಹಳವಾಗಿ ತಗ್ಗಿಸುತ್ತದೆಂದು ಲಂಡನ್ನಿನ ವೈದ್ಯರು 1987ರಲ್ಲಿ ತೋರಿಸಿದರು. ಏಡ್ಸ್‌ನ ಭಯದಿಂದ ಬೇರೆಯವರ ರಕ್ತವೆಂದರೆ ಜಗತ್ತೇ ನಡುಗುತ್ತಿದ್ದ ವರ್ಷಗಳವು. ದುಬಾರಿಯಾದರೂ ಮದ್ದು ಹರಡಿತು, ಬೆನ್ನೆಲುಬಿನ ಆಪರೇಶನ್‌ಗಳಲ್ಲೂ ಪ್ರಯೋಗಿಸಲಾಯಿತು. 2006ರಲ್ಲಿ ಇದರಿಂದ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆಂಬ ಅಧ್ಯಯನ ಬಂತು. ಕೆನಡಾದಲ್ಲಿ ಹೃದಯದ ಆಪರೇಶನ್‌ಗೆ ಒಳಗಾದ 2,331 ರೋಗಿಗಳ ಮೇಲೆ ಮೂರು ಮದ್ದುಗಳನ್ನು ಹೋಲಿಸುತ್ತಿದ್ದ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. 30 ದಿನಗಳೊಳಗೆ ಸತ್ತವರು ಅಪ್ರೊಟಿನಿನ್ ಪಡೆದವರಲ್ಲಿ ಶೇ. 6, ಟ್ರಾನೆಕ್ಸಾಮಿಕ್ ಆಮ್ಲ ಪಡೆದವರಲ್ಲಿ ಶೇ. 3.9. 2007ರ ನವೆಂಬರ್‌ನಲ್ಲಿ ಕಂಪೆನಿ ಅದರ ಮಾರಾಟ ನಿಲ್ಲಿಸಿತು. ಅಂಕಿಅಂಶಗಳ ಮರುಪರಿಶೀಲನೆಯ ಬಳಿಕ 2012ರಲ್ಲಿ ಯುರೋಪಿನ ಔಷಧ ಸಂಸ್ಥೆ ಸೀಮಿತ ಬಳಕೆಗೆ ಮತ್ತೆ ದಾರಿ ತೆರೆಯಿತೆಂಬುದನ್ನೂ ಹೇಳಬೇಕು. ಆದರೆ ಅಷ್ಟರಲ್ಲಿ ವೈದ್ಯರ ಕಣ್ಣು ಆ ಹಳೆಯ ಅಗ್ಗದ ಮದ್ದಿನತ್ತ ಹೊರಳಿತ್ತು.

ಆಪರೇಶನ್ ಮೇಜಿನ ಬಳಿಗೆ

ಬೆನ್ನೆಲುಬಿನ ಆಪರೇಶನ್‌ನಲ್ಲಿ ಟ್ರಾನೆಕ್ಸಾಮಿಕ್ ಆಮ್ಲದ ಕ್ರಮಬದ್ಧ ಪರೀಕ್ಷೆಗಳು ಈ ಶತಮಾನದ ಆರಂಭದಲ್ಲಿ ಬಂದವು. 2001ರಲ್ಲಿ ಕೆನಡಾದಲ್ಲಿ ಬೆನ್ನು ಬಾಗಿದ 40 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಮದ್ದು ಪಡೆದವರಿಗೆ ಕೊಡಬೇಕಾದ ರಕ್ತದ ಪ್ರಮಾಣ ಕಡಿಮೆಯಾಯಿತು. 2005ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ 44 ಮಕ್ಕಳು ಮತ್ತು ತರುಣರ ಮೇಲಿನ ಪರೀಕ್ಷೆಯ ಫಲಿತಾಂಶ ಬಂತು. ಮದ್ದಿಲ್ಲದವರು ಸರಾಸರಿ 2,085 ಮಿಲಿಲೀಟರ್ ರಕ್ತ ಕಳೆದುಕೊಂಡರೆ, ಮದ್ದು ಪಡೆದವರು ಕಳೆದುಕೊಂಡದ್ದು 1,230 ಮಿಲಿಲೀಟರ್. ಅಂದರೆ ಶೇ. 41ರಷ್ಟು ಉಳಿತಾಯ. 2008ರಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ 64 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲೂ ರಕ್ತನಷ್ಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಚಿಕ್ಕ ಚಿಕ್ಕ ಪರೀಕ್ಷೆಗಳೇನೋ ನಿಜ. ಆದರೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ವೈದ್ಯರು ಕಂಡದ್ದು ಒಂದೇ ದಿಕ್ಕಿನ ಫಲಿತಾಂಶ. ಚರ್ಮಕ್ಕೆ ಕತ್ತಿ ತಾಗುವ ಮುನ್ನವೇ ರಕ್ತನಾಳಕ್ಕೆ ಮದ್ದು ಕೊಟ್ಟು, ಆಪರೇಶನ್ ಮುಗಿಯುವವರೆಗೆ ಡ್ರಿಪ್ಪಿನಲ್ಲಿ ಹನಿ ಹನಿಯಾಗಿ ಮುಂದುವರಿಸುವ ಕ್ರಮ ಹಲವೆಡೆ ಬಳಕೆಗೆ ಬಂತು. ಎಷ್ಟು ಪ್ರಮಾಣ ಸರಿ ಎಂಬ ಬಗ್ಗೆ ವೈದ್ಯರಲ್ಲಿ ಇನ್ನೂ ಒಮ್ಮತವಿಲ್ಲ.

ಬೆನ್ನೆಲುಬಿನ ಕೋಣೆಯ ಹೊರಗೂ ಮದ್ದು ತನ್ನನ್ನು ಸಾಬೀತುಪಡಿಸಿತು. ಲಂಡನ್ನಿನ ಇಯಾನ್ ರಾಬರ್ಟ್ಸ್ ಮತ್ತು ಹಲೀಮಾ ಶಕೂರ್ ಅವರ ತಂಡ 40 ದೇಶಗಳ 274 ಆಸ್ಪತ್ರೆಗಳಲ್ಲಿ ಅಪಘಾತ, ಇರಿತ, ಗುಂಡೇಟುಗಳಿಂದ ಗಾಯಗೊಂಡ 20,211 ಮಂದಿಯ ಮೇಲೆ ಪರೀಕ್ಷೆ ನಡೆಸಿತು. ಭಾರತದ ಆಸ್ಪತ್ರೆಗಳೂ ಅದರಲ್ಲಿದ್ದವು. 2010ರಲ್ಲಿ ಫಲಿತಾಂಶ ಬಂತು: ಸಾವಿನ ಪ್ರಮಾಣ ಶೇ. 16ರಿಂದ 14.5ಕ್ಕೆ ಇಳಿದಿತ್ತು. ಹಣ ಒದಗಿಸಿದ್ದು ಮುಖ್ಯವಾಗಿ ಬ್ರಿಟನ್ನಿನ ಸರಕಾರ. ಒಡೆಯನಿಲ್ಲದ ಹಳೆಯ ಮದ್ದಿನ ಮೇಲೆ ಕೋಟಿಗಟ್ಟಲೆ ಸುರಿದು ಪರೀಕ್ಷೆ ನಡೆಸುವುದರಿಂದ ಯಾವ ಕಂಪೆನಿಗೆ ಏನು ಲಾಭ? ನಲ್ವತ್ತು ವರ್ಷಗಳ ವಿಳಂಬಕ್ಕೆ ಒಂದು ಮುಖ್ಯ ಕಾರಣ ಇಲ್ಲಿಯೇ ಇದೆಯೆಂದು ನಮಗನಿಸುತ್ತದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಮದ್ದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಅದೇ ತಂಡ ಕೊನೆಗೆ ಉತಾಕೊ ಅವರ ಹಳೆಯ ಕೋರಿಕೆಯನ್ನೂ ಕೈಗೆತ್ತಿಕೊಂಡಿತು. ಪಾಕಿಸ್ತಾನ, ನೈಜೀರಿಯಾ ಸೇರಿದಂತೆ 21 ದೇಶಗಳ 20,060 ಬಾಣಂತಿಯರ ಮೇಲಿನ ಪರೀಕ್ಷೆಯ ವರದಿ 2017ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಹೆರಿಗೆಯಾದ ಮೂರು ಗಂಟೆಯೊಳಗೆ ಮದ್ದು ಪಡೆದವರಲ್ಲಿ ರಕ್ತಸ್ರಾವದಿಂದ ಸಾಯುವವರ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಆದರೆ ಉತಾಕೊ 2016ರ ಏಪ್ರಿಲ್‌ನಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಒಂದೇ ಒಂದು ವರ್ಷದ ಅಂತರ.

ಅಮೃತವಲ್ಲ, ಮದ್ದು

ಹಾಗೆಂದು ಇದನ್ನು ಅಮೃತವೆಂದು ಭಾವಿಸಬಾರದು. ಗಾಯಗೊಂಡು ಮೂರು ಗಂಟೆ ಕಳೆದ ಮೇಲೆ ಕೊಟ್ಟರೆ ಉಪಕಾರಕ್ಕಿಂತ ಅಪಾಯವೇ ಹೆಚ್ಚೆಂದು 2011ರ ವಿಶ್ಲೇಷಣೆ ತೋರಿಸಿತು. ಹೊಟ್ಟೆ, ಕರುಳಿನ ರಕ್ತಸ್ರಾವಕ್ಕೆ ಇದು ಪ್ರಯೋಜನಕ್ಕೆ ಬರುವುದಿಲ್ಲವೆಂದೂ, ಕಾಲಿನ ಅಭಿಧಮನಿಗಳಲ್ಲಿ ಹೆಪ್ಪು, ಫಿಟ್ಸ್ ಮುಂತಾದ ತೊಂದರೆ ಹೆಚ್ಚುವುದೆಂದೂ 2020ರ ಇನ್ನೊಂದು ದೊಡ್ಡ ಪರೀಕ್ಷೆ ತಿಳಿಸಿತು. 2022ರಲ್ಲಿ 9,535 ಮಂದಿಯ ಮೇಲಿನ ಪರೀಕ್ಷೆಯಲ್ಲಿ, ಹೃದಯದ್ದಲ್ಲದ ಬೇರೆ ಆಪರೇಶನ್‌ಗಳಲ್ಲಿ ಗಂಭೀರ ರಕ್ತಸ್ರಾವ ಶೇ. 11.7ರಿಂದ 9.1ಕ್ಕೆ ಇಳಿಯಿತು. ಆದರೆ ಹೃದಯ, ರಕ್ತನಾಳಗಳಿಗೆ ಇದು ಸಂಪೂರ್ಣ ಸುರಕ್ಷಿತ ಎಂದು ಖಚಿತವಾಗಿ ಹೇಳಲು ಆ ಪರೀಕ್ಷೆಗೆ ಸಾಧ್ಯವಾಗಲಿಲ್ಲ.

ಇನ್ನೊಂದು ಎಚ್ಚರಿಕೆ ನೇರವಾಗಿ ಬೆನ್ನಿಗೇ ಸಂಬಂಧಿಸಿದ್ದು. ಈ ಮದ್ದು ಹೋಗಬೇಕಾದದ್ದು ರಕ್ತನಾಳಕ್ಕೆ. ಸಿಸೇರಿಯನ್‌ನಂಥ ಆಪರೇಶನ್‌ಗಳಲ್ಲಿ ಬೆನ್ನಿಗೆ ಕೊಡುವ ಅರಿವಳಿಕೆ ಮದ್ದಿನ ಗಾಜಿನ ಸೀಸೆ ಮತ್ತು ಇದರ ಸೀಸೆ ನೋಡಲು ಒಂದೇ ರೀತಿಯಿರುವುದರಿಂದ, ಕಣ್ತಪ್ಪಿ ಇದನ್ನೇ ಬೆನ್ನುಹುರಿಯ ದ್ರವಕ್ಕೆ ಚುಚ್ಚಿದ ಪ್ರಕರಣಗಳು ನಡೆದಿವೆ. ಹಾಗಾದಾಗ ರೋಗಿ ಬದುಕುವ ಸಾಧ್ಯತೆ ಅರ್ಧಕ್ಕರ್ಧ ಮಾತ್ರ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಗ್ಗೆ ಜಗತ್ತಿಗೇ ಎಚ್ಚರಿಕೆ ಹೊರಡಿಸಬೇಕಾಯಿತು. ಎರಡು ಸೀಸೆಗಳನ್ನು ಬೇರೆ ಬೇರೆ ಕಪಾಟಿನಲ್ಲಿಡುವಷ್ಟು ಸಣ್ಣ ಶಿಸ್ತು ಒಂದು ಜೀವ ಉಳಿಸಬಲ್ಲದು.

ಮತ್ತೆ ಆ ಬೆಂಚಿನ ಬಳಿ

ನಮ್ಮ ದೇಶದಲ್ಲಿ ರಕ್ತದ ಕಥೆ ಬೇರೆಯೇ ಇದೆ. ಒಂದು ಕಾಲದಲ್ಲಿ ಬಡವರು ಹೊಟ್ಟೆಪಾಡಿಗಾಗಿ ರಕ್ತ ಮಾರುತ್ತಿದ್ದರು. 1996ರಲ್ಲಿ ಸುಪ್ರೀಂ ಕೋರ್ಟು ಈ ಮಾರಾಟ ನಿಲ್ಲಬೇಕೆಂದು ಆದೇಶಿಸಿತು, 1998ರ ಜನವರಿಯಿಂದ ಅದು ನಿಷಿದ್ಧವಾಯಿತು. ಒಳ್ಳೆಯದೇ ಆಯಿತು. ಆದರೆ ಆ ಹೊರೆಯ ಬಹುಭಾಗ ರೋಗಿಯ ಬಂಧುಗಳ ಹೆಗಲಿಗೆ ಬಿತ್ತು. ಊರಿನಲ್ಲಿ ಬಳಗವಿದ್ದವನಿಗೆ ಹೇಗೋ ನಡೆಯುತ್ತದೆ. ದೂರದ ಹಳ್ಳಿಯಿಂದ ಬಂದ ವಿಧವೆಗೆ, ಊರು ಬಿಟ್ಟು ಬಂದ ಕೂಲಿಯವನಿಗೆ ಯಾರು ರಕ್ತ ಕೊಡಬೇಕು? ಅವರ ಮಗುವಿನ ಬೆನ್ನೆಲುಬಿನ ಆಪರೇಶನ್‌ನಲ್ಲಿ ಅರ್ಧ ಲೀಟರ್ ರಕ್ತ ಉಳಿದರೆ, ಅದು ವೈದ್ಯ ಪತ್ರಿಕೆಯ ಅಂಕಿ ಮಾತ್ರವಲ್ಲ. ಯಾರ ಮುಂದೆಯೂ ಕೈಚಾಚದೆ ಉಳಿದ ಘನತೆಯೂ ಹೌದು.

ರಕ್ತದಾನ ಪುಣ್ಯದ ಕೆಲಸ. ಅದು ನಿಲ್ಲಬಾರದು. ಎಷ್ಟೇ ಮದ್ದು ಬಂದರೂ ಅಪಘಾತ, ಹೆರಿಗೆ, ತಲಸ್ಸೇಮಿಯಾದ ಮಕ್ಕಳಿಗೆ ರಕ್ತ ಬೇಕೇ ಬೇಕು. ಆದರೆ ಒಬ್ಬರು ಕೊಟ್ಟ ರಕ್ತ ಚರಂಡಿಗೆ ಹರಿಯದಂತೆ ಕಾಯುವುದೂ ದಾನಿಗೆ ಸಲ್ಲಿಸುವ ಗೌರವವೇ. ಮುಂದಿನ ಬಾರಿ ನಮ್ಮ ಮನೆಯವರೊಬ್ಬರಿಗೆ ಬೆನ್ನೆಲುಬಿನ ಆಪರೇಶನ್ ಎಂದಾದಾಗ ‘ಎಷ್ಟು ಬಾಟಲಿ ರಕ್ತ ಬೇಕು ಡಾಕ್ಟ್ರೇ?’ ಎಂದು ಕೇಳುವುದರ ಜೊತೆಗೆ, ‘ರಕ್ತ ಕಡಿಮೆ ಹೋಗುವಂತೆ ಏನು ಮಾಡುತ್ತೀರಿ? ಅದಕ್ಕಿರುವ ಮದ್ದು ಇವರಿಗೆ ಆಗಿಬರುತ್ತದೆಯೇ?’ ಎಂದೂ ವಿನಯದಿಂದ ಕೇಳೋಣ. ಆಗಿಬರುತ್ತದೋ ಇಲ್ಲವೋ ಎಂಬುದನ್ನು ರೋಗಿಯ ಸ್ಥಿತಿ ನೋಡಿ ವೈದ್ಯರೇ ಹೇಳಬೇಕು. ಕೇಳುವ ಹಕ್ಕು ಮಾತ್ರ ನಮ್ಮದು.

ಬೆನ್ನಿಗೆ ಮಗುವನ್ನು ಕಟ್ಟಿಕೊಂಡು ಒಬ್ಬ ತಾಯಿ ಅರೆಹೊಟ್ಟೆಯ ನಾಡಿನಲ್ಲಿ ಕಂಡುಹಿಡಿದ ಮದ್ದು ಇಂದು ಊರೂರಿನ ಮೆಡಿಕಲ್ ಶಾಪಿನ ಕಪಾಟಿನಲ್ಲಿದೆ. ಆಕೆಯ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ.